ಮೀನಿಲ್ಲದ ನೀರು

"ಹೆಣೆ, ಬಾ ಇಲ್ಲಿ! ಎಂತ ತಕಂಡ್ ಬಂದೆ ಕಾಣ್!"

ಪಾಂಡು ಅಂಗಳದಿಂದಲೇ ಕೂಗಿದ. ವನಜ ಮಂಡಿ ಹಿಡಿದುಕೊಂಡು ಹೊರಗೆ ಬಂದು ನೋಡಿದರೆ ಗಂಡನ ಕೈಯಲ್ಲಿ ನೀಲಿ ಬಕೆಟ್ಟು, ಅದರೊಳಗೆ ಹೆಬ್ಬೆರಳುದ್ದದ ಒಂದು ಮೀನು. ಹಳದಿ ಬೆನ್ನಿಗೆ ಐದು ಕಪ್ಪು ಪಟ್ಟೆ. ಜೀವಂತ! ಕೈರಂಪಣಿ ಬಲೆ ಎಳೆದು ದಡಕ್ಕೆ ಸುರಿದ ರಾಶಿಯಲ್ಲಿ ಒದ್ದಾಡುತ್ತಿದ್ದದ್ದನ್ನು ಹೆಕ್ಕಿ ತಂದಿದ್ದ.

"ನಿನ್ ಗಾಜಿನ್ ಪೆಟ್ಟಿಗೆಗ್ ಹಾಕ್."

ವನಜ ಬಕೆಟ್ಟನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ನಮ್ಮನೆಯವಳು ಮೀನಿಲ್ಲದ ನೀರಿಗೆ ಸಿಗಡಿ ಉಣ್ಣಿಸುತ್ತಾಳೆ ಎಂದು ಮೂರು ವಾರದಿಂದ ಇಡೀ ಕೋಡಿ ಊರಿಗೆ ಹೇಳಿಕೊಂಡು ನಗುತ್ತಿದ್ದವನು ಇವನೇ. ನಗಲಿ, ನಕ್ಕವರ ಹಲ್ಲು ಕಂಡೀತು ಅಷ್ಟೇ ಎಂದು ಅವಳು ಸಿಗಡಿ ಹಾಕುತ್ತಲೇ ಇದ್ದಳು.

ಮೂವತ್ತು ವರ್ಷ ಕುಂದಾಪುರದ ಪೇಟೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರಿದವಳು. ಕಂಡದ್ದೆಲ್ಲ ಸತ್ತ ಮೀನು. ಮಂಡಿ ಕೈಕೊಟ್ಟು ಮನೆಯಲ್ಲಿ ಕೂತ ಮೇಲೆ, ಬದುಕಿರುವ ಮೀನನ್ನು ಕಣ್ಣು ತುಂಬ ನೋಡಬೇಕು ಅನ್ನಿಸಿತು. ಗಾಜಿನ ತೊಟ್ಟಿ ತರಿಸಿ, ಉಪ್ಪುನೀರು ತುಂಬಿಸಿ, ಮೂಸಿ ನೋಡಿದಳು. ಮೀನು ಮಾರುವವರಿಗೆ ಮೂಗಿಗಿಂತ ದೊಡ್ಡ ಪರೀಕ್ಷೆ ಎಲ್ಲಿದೆ? ನೀರು ಒಂಚೂರೂ ನಾರುತ್ತಿರಲಿಲ್ಲ. ಸರಿ, ಪೇಟೆಯ ಅಂಗಡಿಯಿಂದ ತಂದ ಮೂರು ಸಾಕುಮೀನು ಬಿಟ್ಟಳು. ನಾಲ್ಕೇ ದಿನಕ್ಕೆ ಮೂರೂ ಸತ್ತವು. ಸಾವಿರಗಟ್ಟಲೆ ಮೀನಿನ ತಲೆ ಕಡಿದವಳು ಆ ಮೂರಕ್ಕೆ ಅತ್ತಳು. ಇನ್ನು ಈ ನೀರಿನಲ್ಲಿ ಒಂದು ಜೀವವೂ ಹೋಗಬಾರದು ಎಂದು ಅವತ್ತೇ ಹಟ ಹಿಡಿದಳು.

ಬ್ರಹ್ಮಾವರದಲ್ಲಿ ಟೀಚರಾಗಿರುವ ಮಗಳು ಚಂದನಾ ವಿಷಯ ಬಿಡಿಸಿ ಹೇಳಿದ್ದಳು. ಹೊಸ ನೀರಿನಲ್ಲಿ ಮೀನಿನ ಹೊಲಸು ತಿನ್ನುವ ಸೂಕ್ಷ್ಮಜೀವಿಗಳೇ ಇರುವುದಿಲ್ಲ. ಮೀನು ಬಿಡುವ ಮೊದಲು ಸಿಗಡಿ ಕೊಳೆಯಿಸಿ ಅವನ್ನು ಬೆಳೆಸಬೇಕು. ಪರೀಕ್ಷೆಯ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಮದ್ದಿನ ಹನಿ ಬಿಟ್ಟರೆ ತಿಳಿನೀಲಿ ಬರಬೇಕು. ನೇರಳೆ ಬಂದರೆ ಹೊಲಸಿನ ವಿಷ ಇನ್ನೂ ಇದೆ ಎಂದರ್ಥ.

"ಒಂದ್ ಗಳ್ಗಿ ನಿಲ್ಲಿ" ಎಂದು ವನಜ ಒಳಗೆ ಹೋಗಿ ತೊಟ್ಟಿಗೆ ಮೂಗು ಹಚ್ಚಿದಳು. ಪಾಂಡು ಬಕೆಟ್ಟಿನೊಂದಿಗೆ ಹಿಂದೆಯೇ ಬಂದ.

"ನಾತ ಇತ್ತಾ?"

"ಇಲ್ಲ."

"ಮತ್ತೆಂತಕ್ ತಡ? ನಿನ್ ಮೂಗಿಗ್ ಮೋಸ ಮಾಡುಕ್ ಇಡೀ ಕುಂದಾಪ್ರದಗೆ ಯಾರಿಗೂ ಆಯ್ಲಿಲ್ಲ."

"ಆ ಮೂಗ್ ನಂಬಿಯೇ ಮೂರ್ ಮೀನ್ ಕೊಂದದ್ದ್ ನಾನ್."

ಕೊಳವೆಗೆ ಹನಿ ಬಿಟ್ಟು ಐದು ನಿಮಿಷ ಕಾದಳು. ನೇರಳೆ. ಕಳಿತ ಹಣ್ಣಿನಂಥ ನೇರಳೆ.

"ಬ್ಯಾಡ. ಸಾಯತ್ತ್."

ಪಾಂಡುವಿನ ಮುಖ ಸಣ್ಣದಾಯಿತು. "ನಿಂಗೇ ಅಂದ್ಹೇಳಿ ತಂದದ್ ಮಾರಾಯ್ತಿ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಕೇಳದೆ ಅವನೇನಾದರೂ ತಂದುಕೊಟ್ಟದ್ದು ಇದೇ ಮೊದಲು. ವನಜ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ಒಂದೇ ಒಂದು ಮೀನಲ್ಲವೇ, ತೊಟ್ಟಿಗೆ ಬಿಟ್ಟುಬಿಡಲೇ? ಮೀನು ಬಕೆಟ್ಟಿನ ಅಂಚಿಗೆ ಮೂತಿ ತಾಗಿಸಿ ಬಾಯಿ ಬಿಡುತ್ತಿತ್ತು.

"ಹ್ವಾಯ್, ನೀವ್ ತಂದದ್ ನಂಗ್ ಖುಷಿ ಆಯ್ತ್, ದೇವ್ರಾಣೆ. ಆರೆ ಇದನ್ ಕೊಲ್ಲುಕ್ ನನ್ನಿಂದ ಆತಿಲ್ಲ. ಬನ್ನಿ, ಕಡ್ಲಿಗ್ ಬಿಟ್ಟ್ ಬಪ್ಪ."

"ಈ ಮಂಡಿ ಹೊತ್ಕಂಡ್ ನೀ ಎಲ್ಲಿಗ್ ಬಪ್ದ್?"

"ಬತ್ತೆ."

ಅಲೆಗೆ ಅಡ್ಡವಾಗಿ ಹಾಕಿದ ಕಲ್ಲುಗಳವರೆಗೆ ಅವನು ಗೊಣಗುತ್ತಲೇ ನಡೆದ. ಆದರೆ ಬಕೆಟ್ಟು ತುಳುಕದಂತೆ ನಡೆದ. ವನಜ ಕುಂಟುತ್ತ ಬಂದು ದಂಡೆಯಲ್ಲಿ ಕೂತಳು. ಪಾಂಡು ಮೊಣಕಾಲುದ್ದ ನೀರಿಗಿಳಿದು ಬಕೆಟ್ಟು ಬಾಗಿಸಿದ. ಮೀನು ಹೊರಬಂದು, ಅವನ ಕೈಯ ನೆರಳಲ್ಲಿ ಸ್ವಲ್ಪ ಹೊತ್ತು ನಿಂತು, ಸರಕ್ಕನೆ ಕಲ್ಲಿನ ಸಂದಿಗೆ ನುಗ್ಗಿತು.

"ಹೋಯ್ತಾ?"

ಪಾಂಡು ಸಂದಿಗೆ ಬಗ್ಗಿದ. ತೆರೆಯೊಂದು ಬಂದು ಲುಂಗಿಯನ್ನು ಸೊಂಟದವರೆಗೆ ತೋಯಿಸಿದರೂ ಅವನಿಗೆ ಅದರ ಪರಿವೆಯಿರಲಿಲ್ಲ.

"ಶೂ, ಮಾತಾಡ್ಬೇಡ!" ಎಂದ, ಸಂದಿಗೆ ಬಗ್ಗಿಕೊಂಡೇ. "ಈಗ್ಳೂ ಇಲ್ಲೇ ಇತ್ತ್. ನನ್ನೇ ಕಾಣ್ತಾ ಇತ್ತ್."

ವನಜ ಸೀರೆ ಎತ್ತಿ ಕಟ್ಟಿ, ಕಲ್ಲು ಹಿಡಿದು, ಒಂದೊಂದೇ ಹೆಜ್ಜೆ ನೀರಿಗಿಳಿದಳು.