ನುಂಗು, ದೊರೆ

ಕತ್ತಿನ ಎಡಗಡೆ ಆ ಉಬ್ಬು, ಕಂದು ಕೂದಲಿನ ಕೆಳಗೆ ಪುಟ್ಟ ನಿಂಬೆಹಣ್ಣಿನಷ್ಟು, ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತಿದೆ, ಕೊನೆಯ ತುತ್ತು ಅಲ್ಲೇ ಕೂತುಬಿಟ್ಟಿದೆ, ಇಳಿಯಲೋ ಬೇಡವೋ ಎಂದು ಯೋಚಿಸುತ್ತಾ — ಇಳಿ, ಯೋಚನೆ ಮಾಡುವ ಕೆಲಸ ನನಗೆ ಬಿಡು — ದವಡೆಯ ಕೆಳಗೆ ನನ್ನ ಅಂಗೈ, ಬೆನ್ನು ಕುರ್ಚಿಗೆ ಒರಗಿದೆ, ಮುಂಗಾಲೆರಡೂ ಅಡ್ಡಹಲಗೆಯ ಮೇಲೆ, ಕಟಿಂಗಿಗೆ ಬರುವ ಮಕ್ಕಳನ್ನು ಕೂರಿಸುವ ಹಲಗೆ ಅದು, ಈಗ ದೊರೆಯ ಊಟದ ಮೇಜು. ಷಟರ್ ಅರ್ಧ ಇಳಿಸಿದ್ದೇನೆ, ಹೊರಗೆ ಯಾವುದೋ ಚಪ್ಪಲಿ ಬಂದು ನಿಂತಿತು, ಬಗ್ಗಿ ನೋಡಿತು, ಹೋಯಿತು, ಹೋಗಲಿ, ಗಡ್ಡವೇನು ಓಡಿಹೋಗುತ್ತದೆಯೇ, ಇನ್ನಷ್ಟು ಬೆಳೆಯುತ್ತದೆ ಅಷ್ಟೇ. ಜನ್ಮವಿಡೀ ಗಂಟಲು ನೋಡಿದವನು ನಾನು, ದಪ್ಪ ಗಂಟಲು, ಕೊಕ್ಕರೆ ಗಂಟಲು, ಸುಳ್ಳು ಹೇಳುವ ಗಂಟಲು, ಕತ್ತಿ ಅಲ್ಲಿಗೆ ಬಂದಾಗ ಎಲ್ಲರಿಗೂ ಒಂದೇ ಮಾತು, ನುಂಗಬೇಡಿ, ಸ್ವಲ್ಪ ತಡೀರಿ, ನುಂಗಬೇಡಿ, ಹಾಗೆ ಹೇಳಿದ್ದೇ ತಡ ಪ್ರತಿಯೊಬ್ಬನಿಗೂ ನುಂಗಲೇಬೇಕು ಎನಿಸುತ್ತದೆ, ಗಂಟಲಮಣಿ ಸರ್ರನೆ ಮೇಲೆ ಹೋಗಿ ಕೆಳಗೆ ಬರುತ್ತದೆ, ನಾನು ಕತ್ತಿ ಎತ್ತಿ ಹಿಡಿದು ಒಳಗೊಳಗೇ ಬೈಯುತ್ತೇನೆ. ಈಗ ಈ ವಯಸ್ಸಿನಲ್ಲಿ, ಗಿರಾಕಿಗಳನ್ನು ಹೊರಗೆ ನಿಲ್ಲಿಸಿ, ಒಂದು ನಾಯಿಯ ಹಿಂದೆ ನಿಂತು ಬೇಡಿಕೊಳ್ಳುತ್ತಿದ್ದೇನೆ, ನುಂಗು ಮಾರಾಯ, ನುಂಗು.

ಹಳೆಯ ಟವೆಲ್ ಕೊಟ್ಟು ಬರುತ್ತೇನೆ ಎಂದು ಹೋದವಳು ನನ್ನವಳು. ಅಂಗಡಿಯ ಟವೆಲ್‌ಗಳು ನೂಲು ಬಿಟ್ಟ ಮೇಲೆ ಬೀದಿಪಾಲಾದ ನಾಯಿಗಳ ಆಶ್ರಯಕ್ಕೆ ಹಾಸಲು ಕೊಡುವುದು ಅವಳ ರೂಢಿ, ಕೊಡಲಿ, ಒಳ್ಳೆಯದೇ, ಆದರೆ ಕೊಡಲು ಹೋದವಳು ಕೈಬೀಸಿಕೊಂಡು ಬರಬೇಕಲ್ಲವೇ, ಬಂದದ್ದು ಇದನ್ನು ಎತ್ತಿಕೊಂಡು. ರೀ, ಹೋದ ಸಲ ಕೊಟ್ಟ ನಮ್ಮ ಟವೆಲ್ ಮೇಲೇ ಮಲಗಿತ್ತು ಕಣ್ರೀ, ಅಷ್ಟು ನಾಯಿಗಳಲ್ಲಿ ಇದೊಂದೇ ಬೊಗಳಲಿಲ್ಲ. ಬೊಗಳೋಕೆ ಮೈಯಲ್ಲಿ ಶಕ್ತಿ ಬೇಡ್ವೇನೇ, ಎಂದೆ. ಪಕ್ಕೆಲುಬು ಬಾಚಣಿಗೆಯ ಹಲ್ಲಿನಂತೆ ಎದ್ದಿದ್ದವು, ಮರಿಯೇನಲ್ಲ, ಮೂತಿಯ ಸುತ್ತ ನರೆ ಬಂದಿದೆ, ಒಂದು ಕಿವಿ ಹರಿದಿದೆ, ಇದಕ್ಕೆ ಮೊದಲು ಎರಡು ಮನೆಯವರು ಕರೆದುಕೊಂಡು ಹೋಗಿ, ತಿಂದದ್ದೆಲ್ಲ ಕಕ್ಕುತ್ತದೆ, ನೆಲಹಾಸು ಹಾಳಾಯಿತು ಎಂದು ವಾಪಸ್ ತಂದು ಬಿಟ್ಟಿದ್ದರಂತೆ, ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು ಎಂದು ನಾನು ಇಡೀ ಸಂಜೆ ಗೊಣಗಿದೆ, ಗೊಣಗುತ್ತಲೇ ಅದಕ್ಕೆ ನನ್ನ ಹಳೆಯ ಸ್ವೆಟರ್ ಹಾಸಿದೆ, ಅದು ಬೇರೆ ಮಾತು. ಡಾಕ್ಟರಮ್ಮ ಹೊಟ್ಟೆ ಒತ್ತಿ, ಕತ್ತು ಮುಟ್ಟಿ, ಎಕ್ಸ್‌ರೇ ಬೆಳಕಿಗೆ ಹಿಡಿದು ಹೇಳಿದರು, ಅನ್ನನಾಳ ಸಡಿಲ ಆಗಿದೆ, ಎಲಾಸ್ಟಿಕ್ ಹೋದ ಕಾಲುಚೀಲದ ಥರ, ತಿಂದದ್ದನ್ನ ಕೆಳಗೆ ತಳ್ಳೋ ಶಕ್ತಿ ಇಲ್ಲ ಅದಕ್ಕೆ, ವಾಸಿಯಾಗೋ ಕಾಯಿಲೆ ಅಲ್ಲ ಇದು, ಆದ್ರೆ ಚೆನ್ನಾಗಿ ಬದುಕಬಹುದು, ಮನುಷ್ಯರ ಹಾಗೆ ನೆಟ್ಟಗೆ ಕೂತು ಉಣ್ಣಬೇಕು, ಉಂಡ ಮೇಲೂ ಕಾಲು ಗಂಟೆ ಹಾಗೇ ಕೂತಿರಬೇಕು, ಆಗ ಊಟ ತಾನಾಗೇ ಜಾರಿ ಹೊಟ್ಟೆ ಸೇರುತ್ತೆ, ಪ್ರತಿ ಊಟಕ್ಕೂ ಹೀಗೇ, ಇದು ಇರೋವರೆಗೂ. ನಾಯೀನ ನೆಟ್ಟಗೆ ಕೂರಿಸೋದು ಹೇಗೆ ಡಾಕ್ಟರಮ್ಮ ಎಂದು ಇವಳು ಕಣ್ಣುಬಾಯಿ ಬಿಡುತ್ತಿದ್ದಾಗ ನನ್ನ ತಲೆಯಲ್ಲಿ ಆಗಲೇ ಕುರ್ಚಿ ಬಂದಿತ್ತು, ಗೋಡೆ ಪಕ್ಕದ ಹಳೆಯ ಕುರ್ಚಿ, ಬೆನ್ನು ನೆಟ್ಟಗಿರುವುದು, ಹಿಡಿ ತಿರುಗಿಸಿದರೆ ಏರಿ ಇಳಿಯುವುದು. ಕಾಲು ಗಂಟೆ ಎಂದರೆ ಎಷ್ಟು, ಅವಸರವಿಲ್ಲದ ಒಂದು ಶೇವಿಂಗ್, ಅಷ್ಟೇ ತಾನೇ.

ಆಮೇಲೆ ನೋಡಬೇಕಿತ್ತು ಬೀದಿಯವರ ಸಂಭ್ರಮ. ನಿವೃತ್ತ ಮೇಷ್ಟ್ರಂತೂ ದಿನಾ ಬಂದು ಪೇಪರ್ ಹಿಡಿದು ಬೆಂಚಿನ ಮೇಲೆ ಕೂರುವವರು, ಗಡ್ಡ ಇದ್ದರೂ ಬರುತ್ತಾರೆ, ಇಲ್ಲದಿದ್ದರೂ ಬರುತ್ತಾರೆ, ಏನಯ್ಯಾ, ಗಾದೆ ಕೇಳಿಲ್ವಾ, ನಾಯೀನ ಸಿಂಹಾಸನದ ಮೇಲೆ ಕೂರಿಸಿದ್ರೆ — ಸಾರ್, ಪೂರ್ತಿ ಮಾಡಬೇಡಿ, ಕತ್ತಿ ನನ್ನ ಕೈಯಲ್ಲಿದೆ ಎಂದೆ, ಆವತ್ತಿನಿಂದ ಎಲ್ಲರ ಬಾಯಲ್ಲೂ ಇದು ದೊರೆ. ದೊರೆ ಊಟ ಆಯ್ತಾ, ದೊರೆ ಕಟಿಂಗ್ ಹೇಗೆ ಬೇಕಂತೆ, ಸೈಡು ಸಣ್ಣಗೆ ಮಾಡಿಸಿಕೊಳ್ತಾರಾ. ಆದರೆ ಅದು ತಲೆಯ ಭಾರ ನನ್ನ ಅಂಗೈಗೆ ಬಿಡುತ್ತಿರಲಿಲ್ಲ, ಹೊಸ ಗಿರಾಕಿಗಳೂ ಹಾಗೆಯೇ, ಕತ್ತು ಬಿಗಿಹಿಡಿದು ಕೂರುತ್ತಾರೆ, ಯಾವ ಘಳಿಗೆಯಲ್ಲಿ ಏನಾಗುತ್ತದೋ ಎಂದು ಕಣ್ಣು ಕನ್ನಡಿಯಲ್ಲೇ ನೆಟ್ಟಿರುತ್ತದೆ, ನಂಬಿಕೆ ಬಂದವನು ಮಾತ್ರ ತಲೆಯನ್ನು ಪೂರ್ತಿ ಅಂಗೈಗೆ ಬಿಟ್ಟು ನಿದ್ದೆ ಹೋಗುತ್ತಾನೆ. ಇದು ಬಿಗಿಹಿಡಿದೇ ಇತ್ತು, ಇರಲಿ, ನನಗೇನು ಅವಸರ, ಎರಡು ಮನೆ ಹೊರಗೆ ಹಾಕಿದ ಮೇಲೆ ನಾನಾದರೂ ಬಿಗಿಹಿಡಿಯುತ್ತಿದ್ದೆ. ವಾಂತಿ ನಿಂತಿತ್ತು, ಪಕ್ಕೆಲುಬಿನ ಮೇಲೆ ಮಾಂಸ ಹತ್ತುತ್ತಿತ್ತು, ನೀರನ್ನೂ ಕುರ್ಚಿಯಲ್ಲೇ ಕುಡಿಯುತ್ತಿತ್ತು, ನೆಟ್ಟಗಾಯಿತು ಅನ್ನುವಷ್ಟರಲ್ಲಿ ನಿನ್ನೆ ಮೇಷ್ಟ್ರು ಪೇಪರಿನ ಮರೆಯಲ್ಲಿ ಬಿಸ್ಕತ್ತು ಹಾಕಿದರು. ಪಾಪ, ಹಸಿದ ಹಾಗೆ ನೋಡ್ತಿತ್ತು ಕಣಯ್ಯಾ, ಅರ್ಧ ಬಿಸ್ಕತ್ತು ಅಷ್ಟೇ. ಸಾರ್, ಅದು ಹುಟ್ಟಿದ್ದೇ ಹಸಿದ ಹಾಗೆ ನೋಡೋಕೆ, ಅದರ ಕಸುಬೇ ಅದು, ಎಂದು ಕೂಗಿದೆ, ಕೂಗಿ ಏನು, ಬೆಂಚಿನ ಕೆಳಗೆ ಕತ್ತು ಬಗ್ಗಿಸಿ ತಿಂದದ್ದು ಗಂಟಲಲ್ಲೇ ನಿಂತು, ಮೇಲೆ ಬಂದು, ಉಸಿರಿಗೆ ಸೇರಿ, ದೊರೆ ಕೆಮ್ಮಿದ, ಕೆಮ್ಮಿದ, ಕತ್ತರಿಸಿದ ಕೂದಲಿನ ಮಧ್ಯೆ ನೆಲಕ್ಕೆ ಬಿದ್ದ, ಮೇಷ್ಟ್ರ ಮುಖ ಸುಣ್ಣದ ಹಾಗಾಯಿತು, ಮೀಸೆ ಅರ್ಧ ಮಾಡಿಸಿಕೊಂಡಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ನಾನು ದೊರೆಯನ್ನು ಹೊತ್ತುಕೊಂಡು ಓಡಿದೆ. ಡಾಕ್ಟರಮ್ಮ ಸೂಜಿ ಚುಚ್ಚಿ ಹೇಳಿದರು, ಸ್ವಲ್ಪ ಶ್ವಾಸಕ್ಕೆ ಹೋಗಿದೆ, ಇವತ್ತು ಹೊಟ್ಟೆ ಖಾಲಿ ಬಿಡಿ, ಬೆಳಿಗ್ಗೆ ಊಟ ಕೊಡಿ, ಅದು ಒಳಗೆ ನಿಂತ್ರೆ ಗೆದ್ದ ಹಾಗೆ, ಮತ್ತೆ ಮೇಲೆ ಬಂದ್ರೆ ಕಷ್ಟ ಇದೆ. ಕಷ್ಟ ಎಂದರೆ ಏನು ಎಂದು ನಾನು ಕೇಳಲಿಲ್ಲ, ಹಿಂದೆಯೇ ಓಡಿಬಂದಿದ್ದ ನನ್ನವಳು ಕೇಳಿದಳು, ಅವರು ಉತ್ತರ ಹೇಳಿದರು.

ಮನೆಗೆ ಬಂದವಳು ನೇರ ಆಶ್ರಯದವರಿಗೆ ಫೋನು ಮಾಡಿದಳು. ಬೆಳಿಗ್ಗೆ ಗಾಡಿ ತಗೊಂಡು ಬನ್ನಿ, ನಮ್ಮ ಕೈಲಾಗಲ್ಲ, ವಾಪಸ್ ಕರ್ಕೊಂಡು ಹೋಗಿ. ತಂದವಳು ನೀನು ಕಣೇ, ಎಂದೆ. ಹೌದು ರೀ, ತಂದವಳು ನಾನೇ, ಅದಕ್ಕೇ ಹೇಳ್ತಿದೀನಿ, ನನ್ನ ಕಣ್ಮುಂದೆ ಸಾಯೋದು ನೋಡೋಕಾಗಲ್ಲ, ಅಲ್ಲಾದ್ರೆ ನಮಗೆ ಗೊತ್ತಾಗಲ್ಲ. ಎಂಥ ಮಾತು, ಗೊತ್ತಾಗದಿದ್ದರೆ ಸಾಯುವುದಿಲ್ಲವೇ, ಹೀಗೆ ಕೇಳಬೇಕಿತ್ತು, ಕೇಳಲಿಲ್ಲ, ಅವಳು ಅಳುತ್ತಿದ್ದಳು, ಅಳುವವರ ಹತ್ತಿರ ಗೆಲ್ಲುವ ಜಾಣತನ ನನಗಿಲ್ಲ. ಆದರೆ ಹಿಡಿದದ್ದನ್ನು ಬಿಡುವ ಜಾಯಮಾನವೂ ನನ್ನದಲ್ಲ, ಅದೂ ಅವಳಿಗೆ ಗೊತ್ತು, ಇವತ್ತು ಬೆಳಿಗ್ಗೆ ಎದ್ದವನೇ ಊಟ ಕಲಸಿದೆ, ಮೆತ್ತಗೆ ಅರೆದು ಸಣ್ಣ ಸಣ್ಣ ಉಂಡೆ ಕಟ್ಟಿದೆ, ಒಂದೊಂದೇ ಕೊಟ್ಟೆ, ಅದಕ್ಕೆ ಮೊದಲೇ ಷಟರಿನ ಹೊರಗೆ ಬೋರ್ಡು ನೇತುಹಾಕಿದ್ದೆ, ಈ ನಾಯಿಗೆ ತಿನ್ನಿಸುವವರಿಗೆ ಒಂದೇ ಕಡೆಯ ಮೀಸೆ ತೆಗೆಯಲಾಗುವುದು, ಮೀಸೆ ಇಲ್ಲದವರಿಗೆ ಹುಬ್ಬು, ಮೇಷ್ಟ್ರು ಓದಿ ಕಾಗುಣಿತ ಸರಿಯಿದೆ ಎನ್ನಲಿ. ಇನ್ನು ಬೆಂಚನ್ನು ಆ ಗೋಡೆಗೆ ಸರಿಸಬೇಕು, ಬೆಳಿಗ್ಗೆ ದೊರೆಯ ಊಟವಾಗುವವರೆಗೆ ಅಂಗಡಿ ತೆರೆಯುವುದಿಲ್ಲ, ಸಂಜೆಯೂ ಅಷ್ಟೇ, ಬರುವವರು ಬರುತ್ತಾರೆ, ಹೋಗುವವರಿಗೆ ಎದುರು ಬೀದಿಯಲ್ಲಿ ಏಸಿ ಅಂಗಡಿ ಇದೆ, ಚೆನ್ನಾಗಿ ಕತ್ತರಿಸುವುದಿಲ್ಲ, ಅನುಭವಿಸಲಿ. ನನಗೆ ಈ ನಾಯಿ ಬೇಕು. ಯಾರಿಗೂ ಹೇಳಿಲ್ಲ, ನನಗೇ ಈಗ ಹೇಳಿಕೊಳ್ಳುತ್ತಿದ್ದೇನೆ, ಬೇಕು, ಮುದಿಯಾದರೂ, ದಿನಾ ಹೀಗೆ ನಿಂತು ಮೊಣಕಾಲು ನೋಯುತ್ತಿದ್ದರೂ, ನಾಳೆ ಇನ್ನೊಂದು ಕಾಯಿಲೆ ಹೊಸದಾಗಿ ಬಂದರೂ. ಇವತ್ತಿನ ಊಟ ಒಳಗೆ ನಿಂತರೆ ಇರಲಿ, ಮೇಲೆ ಬಂದರೆ ಹೋಗಲಿ ಎನ್ನುವುದಕ್ಕೆ ಇದೇನು ಪರೀಕ್ಷೆ ಬರೆಯಲು ಬಂದಿದೆಯೇ, ಇಳಿದರೂ ಇದು ಇಲ್ಲೇ, ಇಳಿಯದಿದ್ದರೂ ಇಲ್ಲೇ, ಸಾಯುವುದೇ ಆದರೆ ಈ ಕುರ್ಚಿಯಲ್ಲಿ, ನನ್ನ ಕೈ ದವಡೆಯ ಕೆಳಗೆ ಇರುವಾಗ, ಆದರೆ ಸಾಯುವುದಿಲ್ಲ, ಏಕೆ ಸಾಯಬೇಕು, ಒಂದು ತುತ್ತು, ಒಂದೇ ಒಂದು ತುತ್ತು ಇಳಿಯಬೇಕು, ಬೆಳಿಗ್ಗೆಯಿಂದ ಉಳಿದೆಲ್ಲವೂ ಇಳಿದಿಲ್ಲವೇ, ಇದೊಂದು ಮಾತ್ರ ಎಡಗಡೆ ಕೂತಿದೆ, ನಾನು ನೋಡುತ್ತಲೇ ಇದ್ದೇನೆ.

ಹೊರಗೆ ಹಾರನ್. ಬಂತು ಗಾಡಿ. ಕೈ ತೆಗೆಯುವಂತಿಲ್ಲ, ತಿರುಗುವಂತಿಲ್ಲ, ಏನಿದ್ದರೂ ಕನ್ನಡಿಯಲ್ಲೇ ನೋಡಬೇಕು — ಒಳಬಾಗಿಲು ತೆರೆಯಿತು, ಕನ್ನಡಿಯ ಮೂಲೆಯಲ್ಲಿ ನನ್ನವಳು, ಕಣ್ಣು ಊದಿದೆ, ಕೈಯಲ್ಲಿ ಟವೆಲ್, ಹಳೆಯದಲ್ಲ, ಕಪಾಟಿನಲ್ಲಿ ಎತ್ತಿಟ್ಟಿದ್ದ ಹೊಸದು, ದೊರೆಯನ್ನು ಸುತ್ತಿ ಕಳಿಸಲಿಕ್ಕೆ, ಚಳಿ ಆಗಬಾರದು ಎಂದು, ಕಳಿಸುವವಳಿಗೂ ಚಳಿಯ ಚಿಂತೆ. ರೀ, ಗಾಡಿ ಬಂತು. ಕೇಳಿಸಿತು ಕಣೇ. ರೀ. ಇವನು ಉಣ್ಣುತ್ತಿದ್ದಾನೆ, ಮಧ್ಯದಲ್ಲಿ ಎಬ್ಬಿಸಬಾರದು, ಹೋಗಿ ಎಂದು ಹೇಳು ಅವರಿಗೆ. ಯಾವತ್ತು ಬರಬೇಕು ಅಂತ ಹೇಳ್ಲಿ. ಬರುವುದೇ ಬೇಡ ಎಂದು ಹೇಳು. ಕನ್ನಡಿಯಲ್ಲಿ ಅವಳ ಗಂಟಲು ಮೇಲೆ ಹೋಗಿ ಕೆಳಗೆ ಬಂತು, ಇಷ್ಟು ವರ್ಷ ಊರ ಗಂಟಲೆಲ್ಲ ನೋಡಿದವನು ಈ ಗಂಟಲನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಹಾರನ್ ಮತ್ತೆ. ಅವಳು ಷಟರಿನ ಕಡೆ ಹೋಗಲಿಲ್ಲ, ಕುರ್ಚಿಯ ಹತ್ತಿರ ಬಂದಳು, ಟವೆಲ್ ಕೊಡವಿ ದೊರೆಯ ಎದೆಯ ಮೇಲೆ ಹರಡಿದಳು, ಎರಡು ತುದಿ ಹಿಂದೆ ತಂದು ಗಂಟು ಹಾಕಿದಳು, ಬಿಗಿಯಾಯ್ತೇನ್ರೀ ಎಂದು ಕೇಳಿದಳು, ಇಲ್ಲ, ಸರಿಯಾಗಿದೆ, ಅವಳ ಕೈ ನನ್ನ ಕೈಯ ಪಕ್ಕದಲ್ಲೇ ನಿಂತಿತು, ಆಗ ಅಂಗೈಯಲ್ಲಿ ಏನೋ ಭಾರ, ತಲೆ, ಪೂರ್ತಿ ತಲೆ, ಬಿಗಿ ಬಿಟ್ಟ ತಲೆ ನನ್ನ ಕೈಗೆ ಬಂದು ಬಿತ್ತು, ಕಣ್ಣು ಅರೆಮುಚ್ಚಿದೆ, ಮತ್ತು ಟವೆಲಿನ ಅಂಚಿನ ಮೇಲೆ, ಎಡಗಡೆ, ಆ ಉಬ್ಬು, ಸ್ವಲ್ಪ ಮೇಲೆ ಬಂತು, ನಿಂತಿತು, ಮೂವರೂ ಕನ್ನಡಿ ನೋಡುತ್ತಿದ್ದೇವೆ, ಹಾರನ್ ಕೂಗಿಕೊಳ್ಳಲಿ, ನುಂಗು ದೊರೆ, ಗಂಟಲು, ಆ ಉಬ್ಬು, ನನ್ನ ಹೆಬ್ಬೆರಳ ಕೆಳಗೆ ಮೆಲ್ಲಗೆ, ನುಂಗು —