ಐತಪ್ಪನಿಗೆ ಎರಡು

"ಚೀಟಿ ಹಿಡೀರಿ, ಬೇವರ್ಸಿಗಳಾ. ಓಟು ಅಂದ್ರೆ ಎಂತ ಅಂತ ನಿಮ್ಮ ಅಪ್ಪಂದಿರಿಗೆ ಗೊತ್ತುಂಟಾ?"

ಕ್ಯಾಂಪ್ ಬಾಸ್ ಕಾನ್ರಾಡ್ ಕಾಗದದ ತುಂಡುಗಳನ್ನು ನಾಯಿಗೆ ಎಸೆದಂತೆ ಎಸೆಯುತ್ತ ಬಂದ. ಶುಕ್ರವಾರ ಬೆಳಿಗ್ಗೆ, ದುಬೈಯ ಮುಹೈಸ್ನಾದಲ್ಲಿ ನಮ್ಮ ಲೇಬರ್ ಕ್ಯಾಂಪಿನ ಮೆಸ್ಸು. ಮೂರನೇ ಬ್ಲಾಕಿನ ನಲವತ್ತೆರಡು ಮಂದಿ ನೆಲದ ಮೇಲೆ ಕೂತಿದ್ದೆವು. ಎದುರಿಗೆ ಒಂದೇ ಕುರ್ಚಿ. ಅದರಲ್ಲಿ ಕಂಪನಿಯ ಎಚ್.ಆರ್. ಮ್ಯಾನೇಜರ್ ಶಾಮಸುಂದರ, ಮೈಸೂರಿನವರು, ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು.

"ಬೈಬೇಡಿ ಕಾನ್ರಾಡ್. ನೋಡ್ರಪ್ಪಾ, ನೀರು ಉಪ್ಪು ಅಂತ ಮೊನ್ನೆ ಇಡೀ ದಿನ ಬಸ್ಸಿಂದ ಇಳೀಲಿಲ್ಲ ನೀವು. ನಲವತ್ತೆರಡು ಜನ ಕೂಗಿದ್ರೆ ಕಂಪನಿ ಯಾರ ಹತ್ರ ಮಾತಾಡ್ಬೇಕು? ಒಬ್ಬರನ್ನ ಆರಿಸಿಕೊಡಿ. ಈ ದೇಶದವರೇ ಮೊದಲನೇ ಸಲ ಈ ವಾರ ಓಟು ಹಾಕ್ತಿದಾರೆ, ಅದೂ ಎಲ್ಲರಿಗೂ ಇಲ್ಲ. ನಾನು ಹದಿನೆಂಟು ವರ್ಷದಿಂದ ಇಲ್ಲಿದೀನಿ, ನನಗೇ ಇಲ್ಲ. ನಿಮಗೆ ಸಿಗ್ತಾ ಇದೆ."

"ಹಂಗಾದ್ರ ನಂದೂ ನೀವ ತಗೋರಿ ಸಾಹೇಬ್ರ," ಎಂದ ಬೀದರಿನ ಮಾಣಿಕ.

ಯಾರೋ ನಕ್ಕರು. ಕಾನ್ರಾಡನ ಬೂಟು ಮಾಣಿಕನ ಮೊಣಕಾಲಿಗೆ ಬಿತ್ತು.

ಹೋದ ವರ್ಷ ಕೈ ಎತ್ತಿ ಗೇಬ್ರಿಯಲ್‌ನನ್ನು ಲೀಡರ್ ಎಂದು ಆರಿಸಿದ್ದೆವು. ಅದೇ ಮಧ್ಯಾಹ್ನ ಆಫೀಸಿನಲ್ಲಿ ಮೀಟಿಂಗ್ ಇದೆ ಎಂದು ಅವನನ್ನು ಪಿಕಪ್ಪಿನಲ್ಲಿ ಕರೆದುಕೊಂಡು ಹೋದರು. ಮೂರನೇ ದಿನ ಅವನ ಫೋನು ಬಂದದ್ದು ಮುಂಬೈಯಿಂದ. ವೀಸಾ ಕ್ಯಾನ್ಸಲ್. ಅಂದಿನಿಂದ ಕ್ಯಾಂಪಿನಲ್ಲಿ ಯಾರಾದರೂ ಜೋರಾಗಿ ಮಾತಾಡುವಾಗ 'ಲೀಡರ್ ಆಗ್ತೀಯಾ?' ಎಂದು ಕೇಳಿದರೆ ಸಾಕು, ಬಾಯಿ ಮುಚ್ಚುತ್ತಿತ್ತು.

ಈ ಸಲದ ಉಪಾಯ ಐತಪ್ಪಣ್ಣನದು. ಬಂಟ್ವಾಳದ ಕಡೆಯ ಮೇಸ್ತ್ರಿ, ಐವತ್ತು ದಾಟಿದವ. ಸೈಟಿನಲ್ಲಿ ಇಂಜಿನಿಯರ್ ಯಾರ ಮೇಲಾದರೂ ಕೈ ಎತ್ತಿದರೆ ನಡುವೆ ಹೋಗಿ ನಿಲ್ಲುತ್ತಿದ್ದವನು ಅವನೊಬ್ಬನೇ. ಹಿಂದಿನ ಸಂಜೆ ಬಕೆಟು ಹಿಡಿದು ಸಾಲಿನಲ್ಲಿ ನಿಂತಾಗ ಹೇಳಿದ್ದ:

"ಎಲ್ಲರೂ ಅವರವರ ಹೆಸರೇ ಬರೀರಿ. ನಲವತ್ತೆರಡು ಜನಕ್ಕೂ ಒಂದೊಂದೇ ಓಟು. ಆಗ ಯಾರನ್ನ ವಿಮಾನ ಹತ್ತಿಸ್ತಾನೆ ನೋಡುವ, ಬೋಳಿಮಗ."

"ಬರೀಲಿಕ್ಕೆ ಬಾರದವರು?"

"ನಮ್ಮ ಮೋನಪ್ಪ ಬರೆದು ಕೊಡ್ತಾನೆ," ಎಂದು ನನ್ನ ಬೆನ್ನಿಗೆ ಗುದ್ದಿದ. ಆಮೇಲೆ ನಗುತ್ತಲೇ ಅಂದ: "ನನಗೆ ಇನ್ನು ಏಳು ತಿಂಗಳು ಸಾಕು ಮಾರಾಯ. ಮಗಳು ಲೋಲಾಕ್ಷಿಯ ನರ್ಸಿಂಗ್ ಮುಗಿಯುತ್ತದೆ. ಆಮೇಲೆ ಬೇಕಾದ್ರೆ ನಾನೇ ಲೀಡರ್."

ಈಗ ಶಾಮಸುಂದರ ಹಳೇ ಫ್ರಿಜ್ಜಿನ ಕಡೆ ಕೈ ತೋರಿಸಿದರು. "ಒಬ್ಬೊಬ್ಬರೇ ಅದರ ಹಿಂದೆ ಹೋಗಿ ಬರೀರಿ. ಓಟು ಗುಟ್ಟಾಗಿರಬೇಕು."

ಬರೆಯಲು ಬಾರದ ಏಳು ಮಂದಿಗೆ ನಾನೇ ಬರೆದುಕೊಟ್ಟೆ. ಏಳೂ ಸರಿಯಾಗಿಯೇ ಬರೆದೆ. ಕೊನೆಗೆ ನನ್ನ ಚೀಟಿ ಉಳಿಯಿತು.

ಪಾಸ್‌ಪೋರ್ಟಿನಲ್ಲಿ ವಯಸ್ಸು ಏರಿಸಿಕೊಂಡು ಹದಿನೇಳಕ್ಕೇ ಬಂದವನು ನಾನು. ಊರಿನ ಮತದಾರರ ಪಟ್ಟಿಗೆ ಹೆಸರು ಸೇರುವ ಮೊದಲೇ ಇಲ್ಲಿದ್ದೆ. ಎಂಟು ವರ್ಷ ಸೆಂಟ್ರಿಂಗ್ ಹಲಗೆ ಹೊಡೆದೆ. ಎಲ್ಲಿ ಮಲಗಬೇಕು, ಏನು ತಿನ್ನಬೇಕು, ಯಾವಾಗ ಊರಿಗೆ ಹೋಗಬೇಕು ಎಲ್ಲವನ್ನೂ ಬೇರೆಯವರೇ ಹೇಳಿದರು. ನಿನಗೆ ಯಾರು ಬೇಕು ಎಂದು ಯಾರೂ ಒಮ್ಮೆಯೂ ಕೇಳಿರಲಿಲ್ಲ. ಕೈಯಲ್ಲಿ ಪೆನ್ನಿತ್ತು. ಫ್ರಿಜ್ಜಿನ ಹಿಂದೆ ಯಾರೂ ಇರಲಿಲ್ಲ. ನನ್ನ ಹೆಸರಿನ ಮೊದಲ ಅಕ್ಷರ ಬರೆಯಹೋಗಿ ನಿಂತೆ. ನಾನು ಯಾಕೆ? ನಾಲ್ಕು ಜನರ ಮುಂದೆ ನನಗೆ ಬಾಯೇ ಏಳುವುದಿಲ್ಲ. ಬೇಕಾದವನ ಹೆಸರು ಬರೆದೆ.

ಮಡಚಿ ಡಬ್ಬಕ್ಕೆ ಹಾಕಿದ ಮೇಲೆ, ಏನು ಮಾಡಿದೆನೆಂದು ತಿಳಿಯಿತು. ಡಬ್ಬ ಆಗಲೇ ಕಾನ್ರಾಡನ ಕೈಯಲ್ಲಿತ್ತು.

"ಮಾಣಿಕ, ಒಂದು. ಜಟ್ಟಪ್ಪ, ಒಂದು. ಐತಪ್ಪ, ಒಂದು..."

ಕಾನ್ರಾಡ್ ಓದಿದ ಪ್ರತಿ ಹೆಸರನ್ನೂ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದ. ಇಪ್ಪತ್ತು ಚೀಟಿ ಆಗುವಷ್ಟರಲ್ಲಿ ನೆಲದ ಮೇಲೆ ಕೂತವರ ಭುಜಗಳು ನಗುವಿನಿಂದ ಅಲ್ಲಾಡತೊಡಗಿದವು. ಮೂವತ್ತಾಗುವಾಗ ಶಾಮಸುಂದರ ಕರವಸ್ತ್ರ ಕೆಳಗಿಳಿಸಿದ್ದರು.

"ಎಂತ ತಮಾಷೆ ಇದು, ರಂಡೆಮಕ್ಳಾ?" ಎಂದ ಕಾನ್ರಾಡ್. ಕೊನೆಯ ಚೀಟಿ ಬಿಡಿಸಿದ. ಎರಡು ಸಲ ಓದಿಕೊಂಡ.

"ಐತಪ್ಪ. ಐತಪ್ಪನಿಗೆ ಎರಡು."

ನಗು ನಿಂತಿತು. ಯಾರ ಹೆಸರು ಬಂದಿಲ್ಲವೆಂದು ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದೊಂದೇ ಕುತ್ತಿಗೆ ನನ್ನ ಕಡೆಗೆ ತಿರುಗಿತು.

"ಬಹುಮತ," ಎನ್ನುತ್ತ ಶಾಮಸುಂದರ ಎದ್ದರು. "ಸಂತೋಷ, ಐತಪ್ಪನವರೇ. ಆಫೀಸಲ್ಲಿ ಒಂದು ಮೀಟಿಂಗ್ ಇದೆ, ಹೋಗೋಣ. ಬ್ಯಾಗೂ ತಗೊಳ್ಳಿ."

ಮಾಣಿಕ ನನ್ನ ಕಾಲ ಬಳಿ ಉಗಿದ. "ಎಷ್ಟಕ್ಕ ಮಾರಿದ್ಯೋ ಸೂಳೆಮಗನ? ಅವನ ಮಗಳ ಮಾರಿನೂ ನೆನಪಾಗ್ಲಿಲ್ಲೇನು?"

ಐತಪ್ಪಣ್ಣ ಹತ್ತಿರ ಬಂದ. ಹೊಡೆಯಲಿ ಎಂದು ಕಾದೆ.

"ಎಂತಕ್ಕೆ ಮಗಾ?"

"ನೀವೇ ಆಗ್ಬೇಕು ಅಂತ ಕಂಡಿತು, ಐತಪ್ಪಣ್ಣ."

ಅವನು ನನ್ನನ್ನೇ ನೋಡಿದ. "ಹಾಗಾದ್ರೆ ನೀನು ಓಟೇ ಹಾಕಿದ್ಯಾ," ಎಂದ. ತಿರುಗಿ ಚಪ್ಪಲಿ ಹುಡುಕಿದ.

ಅಂಗಳದಲ್ಲಿ ಪಿಕಪ್ ನಿಂತಿತ್ತು. ಐತಪ್ಪಣ್ಣ ಹಿಂದುಗಡೆ ಬ್ಯಾಗಿನ ಮೇಲೆ ಕೂತಿದ್ದ. ನಾನು ಚಕ್ರದ ಮೇಲೆ ಕಾಲಿಟ್ಟು ಹತ್ತಿದೆ.

"ನೀನೆಲ್ಲಿಗೆ? ಇಳಿ ನಾಯಿ," ಎಂದ ಕಾನ್ರಾಡ್, ಹಾಳೆ ಬಡಿಯುತ್ತ. "ಇದರಲ್ಲಿ ನಿನ್ನ ಹೆಸರೇ ಇಲ್ಲ."

"ಬರ್ಕೊ."

"ಎಂತ?"

"ಮೋನಪ್ಪ. ಅಪ್ಪನ ಹೆಸರು ಗುರುವ. ಮೂರನೇ ಬ್ಲಾಕು, ಹನ್ನೊಂದನೇ ರೂಮು. ಅವರಿಗೆ ಓಟು ಹಾಕಿದ್ದು ನಾನು."

"ಖಲಾಸ್, ಇಳೀ," ಎಂದು ಅವನು ನನ್ನ ಕಾಲರು ಹಿಡಿದು ಜಗ್ಗಿದ. ನಾನು ಎರಡೂ ಕೈಯಿಂದ ಕಬ್ಬಿಣದ ಸರಳು ಹಿಡಿದುಕೊಂಡೆ. ಮೆಸ್ಸಿನ ಬಾಗಿಲಲ್ಲಿ ನಲವತ್ತು ಮಂದಿ ನಿಂತಿದ್ದರು. ಯಾರೂ ಗಾಡಿಯ ಕಡೆ ಬರಲಿಲ್ಲ. ಯಾರೂ ಒಳಗೆ ಹೋಗಲಿಲ್ಲ. ಡ್ರೈವರ್ ಇಂಜಿನ್ ಚಾಲೂ ಮಾಡಿದ. ಅಂಗಿ ಹೆಗಲ ಬಳಿ ಹರಿಯಿತು.

"ಬರ್ಕೊ," ಎಂದೆ. "ಮೋನಪ್ಪ."