ಠಣ್ ಎನ್ನದ ರೂಪಾಯಿ

ಬೆಳಿಗ್ಗೆ ಹನ್ನೊಂದೂಕಾಲು ಗಂಟೆ. ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ನಡೆದಿದ್ದ ಹಳೆಯ ನಾಣ್ಯಗಳ ಪ್ರದರ್ಶನದಲ್ಲಿ ನನ್ನನ್ನು ಖೊಟ್ಟಿ ಎಂದು ಸಾರಲಾಯಿತು. ಖೊಟ್ಟಿ ಎಂದರೆ ನಮ್ಮ ಕಡೆ ನಕಲಿ. ಇದು 2018ರ ಫೆಬ್ರುವರಿಯ ಮಾತು. ಇದೇ ಮಾತನ್ನು ನಾನು ಮೊದಲು ಕೇಳಿದ್ದು 1921ರಲ್ಲಿ. ನಡುವಿನ ಅಷ್ಟೂ ವರ್ಷಗಳಲ್ಲಿ ನನ್ನ ಪರವಾಗಿ ಒಂದು ಸಾಕ್ಷಿಯೂ ಹೊಸದಾಗಿ ಸೇರಿರಲಿಲ್ಲ.

ನಾನು ಒಂದು ಬೆಳ್ಳಿ ರೂಪಾಯಿ. ಒಂದು ಬದಿಗೆ ಐದನೆಯ ಜಾರ್ಜ್ ದೊರೆಯ ತಲೆ, ಇನ್ನೊಂದು ಬದಿಗೆ ಹೂಬಳ್ಳಿಯ ನಡುವೆ 1918 ಎಂಬ ಇಸವಿ. ತೂಕ ಒಂದು ತೊಲ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಹುಟ್ಟಿದ್ದು ಮುಂಬೈ ಟಂಕಸಾಲೆಯಲ್ಲಿ.

ಆಗ ಯುರೋಪಿನಲ್ಲಿ ಯುದ್ಧ ನಡೆದಿತ್ತು. ಜನ ಕಾಗದದ ನೋಟನ್ನು ನಂಬದೆ ಬೆಳ್ಳಿಯನ್ನೇ ಕೇಳುತ್ತಿದ್ದರು. ಸರ್ಕಾರದ ಖಜಾನೆಯಲ್ಲಿ ಬೆಳ್ಳಿ ತಳ ಕಂಡಿತ್ತು. ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ, ಗಟ್ಟಿ ಮಾಡಿ, ಹಡಗಿನಲ್ಲಿ ಕಳಿಸಿತು. ಅಂಥ ಒಂದು ಗಟ್ಟಿಯಲ್ಲಿ ನಾನಿದ್ದೆ. ಮುಂಬೈಯಲ್ಲಿ ಅದನ್ನು ಮತ್ತೆ ಕರಗಿಸಿ ಪಟ್ಟಿ ಎಳೆಯುವಾಗ ಒಂದು ಗಾಳಿಗುಳ್ಳೆ ನನ್ನೊಳಗೆ ಸಿಕ್ಕಿಕೊಂಡಿತು. ಉರುಳೆಗಳ ನಡುವೆ ಅದು ಚಪ್ಪಟೆಯಾಗಿ ಕೂದಲೆಳೆಯಂಥ ಸೀಳಾಯಿತು. ಹೊರಗಿನಿಂದ ಕಾಣದು. ತೂಕದಲ್ಲಿ ಗೊತ್ತಾಗದು. ಆದರೆ ಒಳಗೆ ಸೀಳಿರುವ ಲೋಹವನ್ನು ಕಲ್ಲಿಗೆ ಬಡಿದರೆ ದನಿ ಬರುವುದಿಲ್ಲ.

ಟಂಕಸಾಲೆಯಲ್ಲಿ ನಾಣ್ಯಗಳನ್ನು ಕಬ್ಬಿಣದ ದಿಮ್ಮಿಗೆ ಬಡಿದು ದನಿ ಕೇಳುವವರಿದ್ದರು. ಠಣ್ ಎನ್ನದವನ್ನು ಮತ್ತೆ ಕರಗಿಸಲೆಂದು ಬುಟ್ಟಿಗೆ ಎಸೆಯುತ್ತಿದ್ದರು. ನಾನೂ ಆ ಬುಟ್ಟಿಗೆ ಬೀಳಬೇಕಿತ್ತು. ಯಾಕೆ ಬೀಳಲಿಲ್ಲವೋ ನನಗೆ ತಿಳಿಯದು. ತಿಳಿಯದ್ದನ್ನು ಊಹಿಸಿ ಹೇಳುವುದಿಲ್ಲ.

ಹತ್ತಿಯ ಸುಗ್ಗಿಗೆಂದು ರೈಲಿನಲ್ಲಿ ಗದಗಕ್ಕೆ ಬಂದೆ. ಕೆಲವು ಕೈ ದಾಟಿ, ಪಕ್ಕದ ಬೆಟಗೇರಿಯ ಒಬ್ಬ ನೂಲಿನ ಸಾಹುಕಾರನ ತಿಜೋರಿ ಸೇರಿದೆ. ಆತ ನನ್ನನ್ನು ಗುರುಸಿದ್ದಪ್ಪನೆಂಬ ನೇಕಾರನಿಗೆ ಸೀರೆಯ ಕೂಲಿಯಾಗಿ ಕೊಟ್ಟ. ಗುರುಸಿದ್ದಪ್ಪ ನನ್ನನ್ನು ಬಾರಿಸಿ ನೋಡಲಿಲ್ಲ. ಕೂಲಿ ಪಡೆಯುವವನು ಧಣಿಯ ಎದುರು ರೂಪಾಯಿ ಬಾರಿಸಿ ನೋಡುವ ರೂಢಿ ಇರಲಿಲ್ಲ. ಹಾಗೆ ಮಾಡಿದವನಿಗೆ ಮರುದಿನ ನೂಲು ಸಿಗುತ್ತಿರಲಿಲ್ಲ. ಆತ ಎರಡೂ ಕೈ ಒಡ್ಡಿದ, ಹಣೆಗೆ ಒತ್ತಿಕೊಂಡ, ಮನೆಗೆ ನಡೆದ.

ಅವನು ಮದುವೆಗಾಗಿ ಕೂಡಿಸುತ್ತಿದ್ದ. ಹೆಣ್ಣಿನ ಮನೆಗೆ ತೆರ, ಅಂದರೆ ಕನ್ಯಾಶುಲ್ಕ, ಕೊಡಬೇಕಿತ್ತು, ಅದೂ ಹಿರಿಯರ ಎದುರಿಗೆ, ಅಂಗಳದಲ್ಲಿ. ಹೆಣ್ಣು ಬಸವ್ವ. ಅವಳ ಅಣ್ಣ ಈರಬಸಪ್ಪ ಒಳಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ರೂಪಾಯಿಯನ್ನು ಕಲ್ಲಿಗೆ ಬಡಿದು ನೋಡುತ್ತ ಹೋದ. ಠಣ್. ಠಣ್. ಪ್ರತಿ ಠಣ್‌ಗೂ ಹಿರಿಯರು ತಲೆಯಾಡಿಸುತ್ತಿದ್ದರು. ನನ್ನ ಸರದಿ ಬಂತು.

ಥಪ್.

"ಇನ್ನೊಮ್ಮೆ ಬಾರಿಸೋ," ಎಂದರು ಯಾರೋ.

ಥಪ್.

"ಏನ್ ಬೀಗ್ರ," ಎಂದ ಈರಬಸಪ್ಪ, ನನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ರೂಪಾಯಿ ತಂದೀರೋ, ತಂಗಳ ರೊಟ್ಟಿ ತಂದೀರೋ?"

ಅಂಗಳವೆಲ್ಲ ನಕ್ಕಿತು. ಗುರುಸಿದ್ದಪ್ಪನ ಕಿವಿ ಕೆಂಪಾದವು.

"ಸಾವ್ಕಾರ್ರು ಕೊಟ್ಟ ರೂಪಾಯಿರಿ ಅದು. ನಾ ಮನ್ಯಾಗ ಮಾಡಿದ್ದಲ್ಲ."

"ಸಾವ್ಕಾರ್ರ ಹೆಸರು ಯಾಕ ತಗೀತಿ? ಈ ಖೊಟ್ಟಿ ಇಟ್ಕೋ, ಬದಲಿ ಒಂದು ಕೊಡು. ಮುಂದಿಂದು ನಡೀಲಿ."

ಗೆಳೆಯನೊಬ್ಬ ಬದಲಿ ರೂಪಾಯಿ ಕೊಟ್ಟ. ಮದುವೆ ನಡೆಯಿತು. ಮದುವೆಯಾದ ಮರುವಾರ ಬಾವಿಯ ಕಟ್ಟೆಯಲ್ಲಿ ಬಸವ್ವನನ್ನು ತೋರಿಸಿ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದಳು: "ಖೊಟ್ಟಿ ಗುರುಸಿದ್ದನ ಹೇಂತಿ ನೋಡ್, ಈಕಿನ." ಆ ಊರಲ್ಲಿ ಅಡ್ಡಹೆಸರು ಹುಟ್ಟುವುದು ಹೀಗೆ. ಮೆಣಸಿನಕಾಯಿ ಮಾರಿದವನು ಮೆಣಸಿನಕಾಯಿ ಆಗುತ್ತಾನೆ. ಗುರುಸಿದ್ದಪ್ಪ ಖೊಟ್ಟಿಯಾದ.

ಆತ ಸಾಹುಕಾರನ ಬಳಿಗೆ ಹೋದ. "ನನ್ನ ತಿಜೋರ್ಯಾಗ ಖೊಟ್ಟಿ ಇರಂಗಿಲ್ಲ. ನಿನ್ನ ಕೈಗೆ ಬಂದ ಮ್ಯಾಲೆ ಏನಾತೋ ನನಗೇನು ಗೊತ್ತು," ಎಂದ ಸಾಹುಕಾರ, ತಲೆಯೆತ್ತದೆ. ಗುರುಸಿದ್ದಪ್ಪ ಬೆಳ್ಳಿ ಬಂಗಾರದ ಕೆಲಸ ಮಾಡುವ ಪತ್ತಾರನ ಬಳಿಗೆ ಹೋದ. ಪತ್ತಾರ ನನ್ನನ್ನು ಒರೆಗಲ್ಲಿಗೆ ತಿಕ್ಕಿದ, ಗೆರೆಯನ್ನು ಬೆಳಕಿಗೆ ಹಿಡಿದ. "ಮ್ಯಾಲೆ ಬೆಳ್ಳಿ ಹೌದು. ಒಳಗ ಸೀಸ ಐತೋ ಏನೈತೋ. ಕಡಿಯಬೇಕು, ನೋಡಬೇಕು. ಕಡೀಲೇನು?"

ಗುರುಸಿದ್ದಪ್ಪ ಕೈಚಾಚಿ ನನ್ನನ್ನು ಹಿಂದಕ್ಕೆ ತೆಗೆದುಕೊಂಡ. "ಬ್ಯಾಡ. ಬೆಳ್ಳಿ ಅಂತ ಗೊತ್ತಾದ್ರ ಒಂದು ರೂಪಾಯಿ ಹೋತು. ಸೀಸ ಅಂತ ಗೊತ್ತಾದ್ರ ಮಾನ ಹೋತು," ಎಂದ.

ಹೀಗೆ ನಾನು ಆ ಮನೆಯಲ್ಲೇ ಉಳಿದೆ. ಚಲಾಯಿಸಲು ಅವನಿಗೆ ಧೈರ್ಯವಿಲ್ಲ, ಬಿಸಾಡಲು ಮನಸ್ಸಿಲ್ಲ. ಬಸವ್ವ ಮಾತ್ರ ನನಗೊಂದು ಕೆಲಸ ಹುಡುಕಿದಳು. ಹಾಲಿನ ಗಡಿಗೆಯ ತಳ ಸೀದಾಗ ನನ್ನ ಅಂಚಿನಿಂದ ಕರಕು ಕೆರೆಯುತ್ತಿದ್ದಳು. ಗಂಡ ಗೊಣಗಿದರೆ, "ಖೊಟ್ಟಿ ಆದ್ರ ಆಗ್ಲಿ, ತಳ ಅಂತೂ ಕೆರೀತೈತಿ," ಎನ್ನುತ್ತಿದ್ದಳು. ಚಕ್ರವರ್ತಿಯ ಕಿರೀಟದಲ್ಲಿ ಹಾಲಿನ ಕರಕು ಮೆತ್ತಿಕೊಂಡಿತು. ನಾನು ಸರ್ಕಾರದ ನಾಣ್ಯ, ಬೆಳ್ಳಿಯ ನಾಣ್ಯ, ಮಾಡಿದ ಕೆಲಸ ಇದು.

1943ರಲ್ಲಿ ನನ್ನಂಥ ರೂಪಾಯಿಗಳ ಚಲಾವಣೆಯನ್ನು ಸರ್ಕಾರ ನಿಲ್ಲಿಸಿತು. ಖಜಾನೆಗೆ ಕೊಟ್ಟು ಬದಲಿ ಪಡೆಯಿರಿ ಎಂದು ಡಂಗುರ ಸಾರಿದರು. ಗುರುಸಿದ್ದಪ್ಪ ನನ್ನನ್ನು ಪಂಚೆಯ ತುದಿಗೆ ಕಟ್ಟಿಕೊಂಡು ಖಜಾನೆಯ ಬಾಗಿಲವರೆಗೆ ಹೋದ. ಒಳಗೆ ನಾಣ್ಯ ಬಾರಿಸುವ ಸದ್ದು ಕೇಳಿತು. ಹೊರಗೆ ಪೊಲೀಸನಿದ್ದ. ಹಾಗೇ ತಿರುಗಿ ಬಂದ. ಖಜಾನೆಗೆ ಹೋದ ನನ್ನ ಓರಗೆಯವು ಕರಗಿಹೋದವು. ನಾನು ಉಳಿದದ್ದು ಅನುಮಾನದ ದೆಸೆಯಿಂದ. ಇದನ್ನು ಅದೃಷ್ಟವೆಂದು ಕರೆಯಲು ನಾನು ಸಿದ್ಧನಿಲ್ಲ.

ಅದೇ ವರ್ಷ ಅವನ ಕಿರಿಯ ಮಗ ಚನ್ನವೀರಪ್ಪನನ್ನು ಶಾಲೆಗೆ ಹಾಕಿದರು. ಮಾಸ್ತರರು ಅಡ್ಡಹೆಸರು ಕೇಳಿದರು. ಆರು ವರ್ಷದ ಹುಡುಗ, ಊರು ಏನೆನ್ನುತ್ತದೋ ಅದನ್ನೇ ಹೇಳಿದ. ಅಂದಿನಿಂದ ಅದು ಬರೀ ಬಾಯಿಮಾತಾಗಿ ಉಳಿಯಲಿಲ್ಲ. ಚನ್ನವೀರಪ್ಪ ಗುರುಸಿದ್ದಪ್ಪ ಖೊಟ್ಟಿ.

ಗುರುಸಿದ್ದಪ್ಪ ತೀರಿಕೊಂಡದ್ದು 1969ರಲ್ಲಿ. ಸಾಯುವ ಮೊದಲು ನನ್ನನ್ನು ಮಗನ ಅಂಗೈಗೆ ಹಾಕಿ, "ನಾ ತಿಳಿದು ಕೊಟ್ಟಿದ್ದಲ್ಲೋ," ಎಂದ. ಚನ್ನವೀರಪ್ಪ ನಂಬಿದ. ಆದರೆ ಅಪ್ಪನನ್ನು ತಾನು ನಂಬುವುದು ಬೇರೆ, ಊರಿನ ಎದುರು ತೋರಿಸುವುದು ಬೇರೆ. ಅವನಿಗೆ ಬೇಕಿದ್ದದ್ದು ಎರಡನೆಯದು. ವಿಶೇಷವಾಗಿ ಒಬ್ಬನಿಗೆ ತೋರಿಸಬೇಕಿತ್ತು: ಈರಬಸಪ್ಪನ ಮಗ ಸಂಗಣ್ಣನಿಗೆ. ಸಂಗಣ್ಣ ಅವನ ಸೋದರಮಾವನ ಮಗ, ಓರಗೆಯವನು, ಬೆಟಗೇರಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ದಿನಾ ಜೊತೆಗೆ ಚಹಾ ಕುಡಿಯುವವನು. ಅವನು ಒಮ್ಮೆಯೂ ಚನ್ನವೀರಪ್ಪನನ್ನು ಹೆಸರು ಹಿಡಿದು ಕರೆದವನಲ್ಲ.

ಚನ್ನವೀರಪ್ಪನ ಮಗಳು ನೀಲಗಂಗಾ ಬ್ಯಾಂಕಿನಲ್ಲಿ ಕ್ಯಾಷಿಯರ್ ಆದಳು. ಹಣ ಕೊಡುವ ಕಿಟಕಿಯ ಮೇಲೆ ಹೆಸರಿನ ಫಲಕ: ಎನ್. ಸಿ. ಖೊಟ್ಟಿ. "ಏನ್ರಿ ಮೇಡಂ, ನೋಟರ ಅಸಲಿ ಅದಾವಿಲ್ಲೋ?" ಎಂದು ದಿನಕ್ಕೊಬ್ಬರಾದರೂ ಕೇಳುತ್ತಿದ್ದರು. ಮೊದಮೊದಲು ನಗುತ್ತಿದ್ದಳು. ಆಮೇಲೆ ನೋಟು ಎಣಿಸುವ ಯಂತ್ರದ ಗುಂಡಿ ಒತ್ತಿ, ಅದರ ಸದ್ದಿನಲ್ಲಿ ಕೇಳಿಸದವಳಂತೆ ಇರುತ್ತಿದ್ದಳು.

ನನ್ನನ್ನು ಹುಬ್ಬಳ್ಳಿಯ ಪ್ರದರ್ಶನಕ್ಕೆ ಒಯ್ದವಳು ಅವಳೇ. ಬ್ರಿಟಿಷರ ಕಾಲದ ನಾಣ್ಯ ಕೊಳ್ಳುವವರು, ಮಾರುವವರು, ಬರೀ ನೋಡುವವರು ಅಲ್ಲಿ ಕಿಕ್ಕಿರಿದಿದ್ದರು. ಮೊದಲನೆಯ ಮೇಜಿನ ವ್ಯಾಪಾರಿ ನನ್ನನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಪೆನ್ನಿನಿಂದ ತಟ್ಟಿದ. ಪಕ್ಕದಲ್ಲಿ ಅವನ ಫೋನು ಕಿವಿಗೊಟ್ಟು ಕೂತಿತ್ತು. ನಾಣ್ಯದ ದನಿ ಕೇಳಿ ಅಸಲಿಯೋ ನಕಲಿಯೋ ಹೇಳುವ ಆ್ಯಪ್ ಅದು. ಪರದೆ ಕೆಂಪಾಯಿತು. ಒಳಕಲ್ಲಿನ ಬದಲು ಫೋನು ಬಂದಿತ್ತು, ಅಷ್ಟೇ.

"ಖೊಟ್ಟಿರಿ ಮೇಡಂ ಇದು," ಎಂದ, ಅಕ್ಕಪಕ್ಕದವರಿಗೂ ಕೇಳುವಂತೆ. "ನಿಮ್ಮ ಹೆಸರು ಏನಂದ್ರಿ?"

ನೀಲಗಂಗಾ ಹೇಳಿದಳು.

"ಹೆಸರಿನ್ಯಾಗ ಬರಕೊಂಡು ಬಂದೀರಲ್ರಿ! ಮತ್ತೇನು ಕೇಳ್ತೀರಿ?"

ಅವಳು ನನ್ನನ್ನು ಪರ್ಸಿಗೆ ಹಾಕಿಕೊಂಡು ಹೊರಟಾಗ ಹಿಂದಿನ ಮೇಜಿನಿಂದ ಒಬ್ಬರು ಕರೆದರು. ಇಮಾಮಸಾಬ್ ಸೌದಾಗರ. ಸೈಕಲ್ ಬಿಡಿಭಾಗಗಳ ಅಂಗಡಿ ಇಟ್ಟವರು; ಟಂಕಸಾಲೆಯಲ್ಲೇ ಕೆಟ್ಟು ಹೊರಬಂದ ಬ್ರಿಟಿಷ್ ರೂಪಾಯಿಗಳನ್ನು ಮಾತ್ರ ಕೊಂಡು ಕೂಡಿಡುವವರು. ಅವರು ನನ್ನನ್ನು ತೂಗಿದರು, ಭೂತಗನ್ನಡಿ ಹಿಡಿದು ಅಂಚಿನ ಗೀರುಗಳನ್ನು ಸುತ್ತಲೂ ನೋಡಿದರು, ಆಮೇಲೆ ಉಗುರಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿದರು.

"ಹುಟ್ಟಾ ಮೂಗ ಇರಬೇಕ್ರಿ ಇದು. ಅಚ್ಚು ಅಸಲಿ, ತೂಕ ಅಸಲಿ. ಒಳಗ ಸೀಳಿರಬೇಕು."

"ಇರಬೇಕು ಅಂದ್ರ? ಖರೇನೋ ಸುಳ್ಳೋ, ಒಂದು ಹೇಳ್ರಿ ಸರ. ನಮ್ಮಪ್ಪಗ ಎಂಬತ್ತೊಂದು ವರ್ಷ."

"ನೋಡದ ಹೆಂಗ್ ಹೇಳ್ಲಿ, ತಂಗಿ? ಪರಿಚಯದವ್ರ ಕಡೆ ಎಕ್ಸ್‌ರೇ ತಗಸ್ತೀನಿ. ಗುರುವಾರ ಬೆಟಗೇರಿಗೆ ನಾನ ಬರ್ತೀನಿ. ಅಲ್ಲೀತನಕ ಏನೂ ಮಾಡಬ್ಯಾಡ್ರಿ. ಸೀಳಿದ್ರ ನಾನ ಕೊಳ್ತೀನಿ, ಬರದೂ ಕೊಡ್ತೀನಿ."

ನನ್ನ ಬಗ್ಗೆ ಸರಿಯಾದ ಮಾತನ್ನು ಆಡಿದ ಮೊದಲ ಮನುಷ್ಯ ಅವರು. ಅದು ಭಾನುವಾರ.

ಚನ್ನವೀರಪ್ಪ ಗುರುವಾರದವರೆಗೆ ತಡೆಯಲಿಲ್ಲ. "ಎಕ್ಸ್‌ರೇ ಹಿಡಕೊಂಡು ಊರಿಗೆ ತೋರಿಸ್ಲೇನು? ಬೆಳ್ಳಿ ಕಣ್ಣಿಗೆ ಕಾಣಬೇಕು," ಎಂದ. ಸೋಮವಾರ ನೀಲಗಂಗಾ ಬ್ಯಾಂಕಿಗೆ ಹೋದ ಮೇಲೆ ನನ್ನನ್ನು ಜೇಬಿಗೆ ಹಾಕಿಕೊಂಡು ಹೊರಟ. ಹತ್ತು ಗಂಟೆಗೆ ಪತ್ತಾರನ ಅಂಗಡಿಗೆ ಬಾ ಎಂದು ಸಂಗಣ್ಣನಿಗೆ ಹೇಳಿಕಳಿಸಿದ್ದ. ಹತ್ತಾಯಿತು. ಹತ್ತೂವರೆಯಾಯಿತು. ಸಂಗಣ್ಣ ಬರಲಿಲ್ಲ. ಪತ್ತಾರನಿಗೆ ಬೇರೆ ಗಿರಾಕಿಗಳಿದ್ದರು.

"ಅವ ಬರ್ತಾನ. ನೀ ಕಡಿ," ಎಂದ ಚನ್ನವೀರಪ್ಪ.

ಉಳಿ ದೊರೆಯ ಕಿವಿಯ ಹಿಂದೆ ಕೂತಿತು. ಮೂರು ಏಟಿಗೆ ನಾನು ಎರಡಾದೆ. ಪತ್ತಾರ ತುಂಡುಗಳನ್ನು ಬೆಳಕಿಗೆ ಹಿಡಿದ. ಅಂಚಿನಿಂದ ಅಂಚಿಗೆ ಬೆಳ್ಳಿ. ನಟ್ಟನಡುವೆ ಕೂದಲೆಳೆಯಂಥ ಒಂದು ಕಪ್ಪು ಗೆರೆ. ಸೀಸವಿಲ್ಲ. ಚನ್ನವೀರಪ್ಪ ಎರಡೂ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು, "ಅಪ್ಪಾ," ಎಂದ.

ಸಂಗಣ್ಣ ಬಂದದ್ದು ಹನ್ನೊಂದಕ್ಕೆ, ಮೊಣಕಾಲು ಹಿಡಿದುಕೊಂಡು.

"ನೋಡ್ಲೇ ಸಂಗ್ಯಾ. ಕಣ್ಣ ತಗದು ನೋಡು. ಬೆಳ್ಳಿ!"

ಸಂಗಣ್ಣ ಕನ್ನಡಕ ಏರಿಸಿ ನೋಡಿದ. "ಬೆಳ್ಳಿ ಹೌದೋ. ಯಾರು ಅಲ್ಲ ಅಂದ್ರು? ಆದ್ರ ನಮ್ಮಪ್ಪ ಬಾರಿಸಿದ ರೂಪಾಯಿ ಇದ ಏನು?"

"ಇದನೋ! ನಮ್ಮಪ್ಪ ನನ್ನ ಕೈಯಾಗ ಕೊಟ್ಟಿದ್ದು."

"ಅದು ಥಪ್ ಅಂತಿತ್ತಂತ. ಹಂಗಾರ ಬಾರಿಸಿ ತೋರ್ಸು."

ಚನ್ನವೀರಪ್ಪ ಒಂದು ತುಂಡನ್ನು ಕಟ್ಟೆಯ ಕಲ್ಲಿಗೆ ಬಡಿದ. ಥಪ್ ಎಂದಿತು. ಸಂಗಣ್ಣ ನಕ್ಕ.

"ತುಂಡು ಮಾಡಿದ ಮ್ಯಾಲೆ ಯಾವ ರೂಪಾಯಿ ಠಣ್ ಅಂತೈತಿ ಹೇಳು? ಬಜಾರದಾಗ ಬೇರೆ ಒಂದು ತಂದು ಕಡಿಸಿದ್ರ ನನಗೇನು ಗೊತ್ತು?"

ಪತ್ತಾರನ ಕಡೆ ತಿರುಗಿದರೆ ಅವನಾದರೂ ಏನು ಹೇಳಿಯಾನು? ಅವನು ನನ್ನನ್ನು ಕಡಿದಿದ್ದ, ಬಾರಿಸಿರಲಿಲ್ಲ. ಬಾರಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಬೆಳ್ಳಿ ಎಂಬುದಕ್ಕೆ ಈಗ ಸಾಕ್ಷಿ ಇತ್ತು. ನಾನು ನಾನೇ ಎಂಬುದಕ್ಕೆ ಇರಲಿಲ್ಲ. ಆ ದಿನ ನನಗೆ ಬಂದಂಥ ಸಿಟ್ಟು ಒಳಕಲ್ಲಿನ ಮುಂದೆಯೂ ಬಂದಿರಲಿಲ್ಲ, ಮತ್ತು ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ. ಸಂಗಣ್ಣ ಕೇಳಿದ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ.

ಗುರುವಾರ ಸೌದಾಗರರು ಬಂದರು. ತುಂಡುಗಳನ್ನು ನೋಡಿ ಹಣೆ ಬಡಿದುಕೊಂಡರು. "ಮೂರು ದಿನ ತಡೀಲಿಲ್ಲಲ್ರಿ ಯಜಮಾನ್ರ!" ಭೂತಗನ್ನಡಿಯಲ್ಲಿ ಆ ಕಪ್ಪು ಗೆರೆಯನ್ನು ಬಹಳ ಹೊತ್ತು ನೋಡಿದರು, ಇಂಥದನ್ನು ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ ಎಂದರು. ನಿಮ್ಮಪ್ಪ ಖರೇ ಮನುಷ್ಯ ಎಂದೂ ಹೇಳಿದರು. ಸಂಗಣ್ಣನ ಎದುರು ಬಂದು ಹೇಳುತ್ತೀರಾ ಎಂದು ನೀಲಗಂಗಾ ಕೇಳಿದಳು. ಸೌದಾಗರರು ಹೋಟೆಲಿಗೆ ಹೋಗಿ ಹೇಳಿದರು. "ನೀವು ಕೊಳ್ಳೋ ಮಂದಿ, ಹಂಗ ಹೇಳೋರ," ಎಂದ ಸಂಗಣ್ಣ. ಸೌದಾಗರರು ನನ್ನನ್ನು ಕೊಳ್ಳಲಿಲ್ಲ. ಕಡಿದದ್ದನ್ನು ಅವರು ಸಂಗ್ರಹಕ್ಕೆ ಸೇರಿಸುವುದಿಲ್ಲ.

ಈಗ ನಾನು ದೇವರ ಜಗಲಿಯ ಗೂಡಿನಲ್ಲಿ, ಗುರುಸಿದ್ದಪ್ಪನ ಫೋಟೋದ ಮುಂದೆ, ಎರಡು ತುಂಡಾಗಿ ಇದ್ದೇನೆ. ತಟ್ಟಿ ನೋಡಲು ಯಾರೂ ಬರುವುದಿಲ್ಲ. ನನ್ನ ತಪ್ಪೇನು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಬೆಳ್ಳಿಯಲ್ಲಿ ಕೊರತೆಯಿಲ್ಲ, ತೂಕದಲ್ಲಿ ಕೊರತೆಯಿಲ್ಲ, ಅಚ್ಚಿನಲ್ಲಿ ಕೊರತೆಯಿಲ್ಲ. ಕೇಳುವವರಿಗೆ ಬೇಕಾದ ಸದ್ದು ನನ್ನಲ್ಲಿರಲಿಲ್ಲ. ಅದನ್ನು ಬಿಟ್ಟು ಬೇರೇನನ್ನೂ ಕೇಳುವ ವ್ಯವಧಾನ ಜನಕ್ಕೂ ಇರಲಿಲ್ಲ.

ಸೌದಾಗರರು ಬಂದುಹೋದ ಮರುದಿನ ಶುಕ್ರವಾರ. ಸಂಜೆ ಐದಕ್ಕೆ ಸಂಗಣ್ಣ ಬೀದಿಯಲ್ಲಿ ನಿಂತು, "ಏ ಖೊಟ್ಟಿ, ಬಾರೋ, ಚಾ ಕುಡ್ಯಾಕ," ಎಂದು ಕೂಗಿದ. ಚನ್ನವೀರಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ.